ತೂಕ ಇಳಿಸುವುದನ್ನು ಟಿವಿ ಆಟವಾಗಿಸಿದ ಬಗೆ

ಕಾರವಾರ, ಕುಮಟಾ, ಶಿರಸಿಯ ಪೇಟೆಗಳಲ್ಲಿ ಜಿಮ್‌ಗಳ ಫ್ಲೆಕ್ಸ್‌ಗಳನ್ನು ನೋಡಿ. ಎಡಕ್ಕೆ ದಪ್ಪ ದೇಹ, ಬಲಕ್ಕೆ ಅದೇ ಮನುಷ್ಯನ ತೆಳು ದೇಹ, ನಡುವೆ ಇಂತಿಷ್ಟು ದಿನ ಎಂಬ ಲೆಕ್ಕ. ಜಾಹೀರಾತಿಗೆ ಈ ತಂತ್ರ ಹಳೆಯದು. ಅದನ್ನು ವಾರ ವಾರ ಕಾದು ನೋಡುವ ಕಥೆಯಾಗಿಸಿದ್ದು ರಿಯಾಲಿಟಿ ಷೋ.

2004ರ ಅಕ್ಟೋಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ‘ದಿ ಬಿಗ್ಗೆಸ್ಟ್ ಲೂಸರ್’ ಆರಂಭಿಸಿತು. ದಪ್ಪಗಿರುವವರನ್ನು ಒಂದೆಡೆ ಕೂಡಿಹಾಕಿ, ಗಂಟೆಗಟ್ಟಲೆ ಕಸರತ್ತು ಮಾಡಿಸಿ, ವಾರಕ್ಕೊಮ್ಮೆ ಎಲ್ಲರೆದುರು ತೂಕ ಹಾಕುವುದು ಅದರ ಹೂರಣ. ಕಡಿಮೆ ಇಳಿಸಿದವರು ಮನೆಗೆ ಹೋಗುವ ಭಯದಲ್ಲೇ ಇರಬೇಕಿತ್ತು. 2007ರಲ್ಲಿ ಸಹಾರಾ ಒನ್ ಇದರ ಹಿಂದಿ ರೂಪವನ್ನು ತಂದಿತು. ಸುನೀಲ್ ಶೆಟ್ಟಿ ನಿರೂಪಿಸಿದರು. ವಾರ ಎಂಬ ಅಳತೆ ವಾಹಿನಿಯ ವೇಳಾಪಟ್ಟಿಗೆ ಬೇಕಾದದ್ದು. ದೇಹಕ್ಕೆ ಅದರ ಹಂಗಿಲ್ಲ. ನನ್ನ ಸಿಟ್ಟೆಲ್ಲ ಇಲ್ಲಿಯೇ.

ದೇಹ ಹೇಗೆ ಉತ್ತರಿಸಿತು ಎಂಬುದು 2016ರಲ್ಲಿ ತಿಳಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಅಮೆರಿಕದ ಷೋದ ಎಂಟನೇ ಆವೃತ್ತಿಯ 14 ಸ್ಪರ್ಧಿಗಳನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ್ದರು. ಸರಾಸರಿ 58 ಕಿಲೊ ಇಳಿಸಿದ್ದವರಿಗೆ ಸುಮಾರು 41 ಕಿಲೊ ಮರಳಿ ಬಂದಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸುಮ್ಮನೆ ಕುಳಿತಿರುವಾಗಲೂ ದೇಹ ಶಕ್ತಿಯನ್ನು ಖರ್ಚು ಮಾಡುತ್ತದಷ್ಟೇ? ಅವರ ದೇಹದಲ್ಲಿ ಆ ಖರ್ಚು, ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕಿಲೊ ಕ್ಯಾಲರಿ ಕಡಿಮೆಯಾಗಿ, ತೂಕ ಮರಳಿದ ಮೇಲೂ ಹಾಗೆಯೇ ಉಳಿದಿತ್ತು. ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನಿನ ಮಟ್ಟವೂ ಮೊದಲಿನಂತಿರಲಿಲ್ಲ. ಅಂದರೆ ಅವರು ಉಣ್ಣುವುದು ಕಡಿಮೆ ಮಾಡಿದಷ್ಟೂ ದೇಹ ಕೈ ಬಿಗಿಹಿಡಿದಿತ್ತು. ಇದನ್ನು ಸೋಮಾರಿತನ ಎಂದು ಕರೆದವರು ಕ್ಷಮೆ ಕೇಳಬೇಕು.

ದಪ್ಪಗಿರುವವರ ಘನತೆಯ ಹೋರಾಟ ಈ ಕಾರ್ಯಕ್ರಮಗಳಿಗಿಂತ ಬಹಳ ಹಿಂದಿನದು. ತನ್ನ ಹೆಂಡತಿಯನ್ನು ಜನ ನಡೆಸಿಕೊಳ್ಳುತ್ತಿದ್ದ ರೀತಿಗೆ ನೊಂದ ಎಂಜಿನಿಯರ್ ಬಿಲ್ ಫ್ಯಾಬ್ರಿ 1969ರಲ್ಲಿ ಅಮೆರಿಕದಲ್ಲಿ ಸಂಘ ಕಟ್ಟಿದರು. 1973ರಲ್ಲಿ ಲಾಸ್ ಏಂಜಲೀಸ್‌ನ ಮಹಿಳೆಯರು ಪ್ರಣಾಳಿಕೆ ಹೊರಡಿಸಿದರು. ಗೌರವ, ಸಮಾನ ಹಕ್ಕು ಅವರ ಬೇಡಿಕೆ. ಆಹಾರಪಥ್ಯದ ವ್ಯಾಪಾರಿಗಳ ಮೇಲೆ ಅವರ ಕೋಪ. ಟಿವಿ ಇದರಲ್ಲಿ ತನ್ನ ದೇಹವನ್ನು ತಾನೇ ಮೆಚ್ಚಿಕೊಳ್ಳುವ ಕನ್ನಡಿಯೆದುರಿನ ನಗುವನ್ನಷ್ಟೇ ಎತ್ತಿಕೊಂಡು ಹಕ್ಕಿನ ಮಾತನ್ನು ಬಿಟ್ಟಿತು.

ಈ ಒತ್ತಡ ಕನ್ನಡ ಕಿರುತೆರೆಗೆ ದೂರದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಧಾರಾವಾಹಿ ನಟಿಯೊಬ್ಬರು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಇಪ್ಪತ್ತೊಂದು ವರ್ಷ!

ನಮ್ಮ ಕರಾವಳಿಯ ರಂಗ ದೇಹವನ್ನು ಬೇರೆ ಬಗೆಯಲ್ಲಿ ಕಂಡಿದೆ. 1934ರಲ್ಲಿ ಹೊನ್ನಾವರ ತಾಲ್ಲೂಕಿನಲ್ಲಿ ಹುಟ್ಟಿದ ಯಕ್ಷಗಾನದ ಇಡಗುಂಜಿ ಮೇಳವಿರಲಿ, ಬೇರೆ ಮೇಳಗಳಿರಲಿ, ರಾಕ್ಷಸನಿಗೂ ಭೀಮನಿಗೂ ಭಾರಿ ಆಳಂಗವೇ, ಅಂದರೆ ದೊಡ್ಡ ಮೈಕಟ್ಟೇ ಶೋಭೆ. ತೆಳ್ಳಗಿನ ಕಲಾವಿದ ವೇಷದೊಳಗೆ ಬಟ್ಟೆ ತುಂಬಿ ಗಾತ್ರ ಬೆಳೆಸಿಕೊಳ್ಳುತ್ತಾನೆ. ಯಕ್ಷಗಾನದಲ್ಲಿ ದೇಹದ ಬಗ್ಗೆ ಗೇಲಿಯೇ ಇಲ್ಲವೆನ್ನಲಾರೆ, ಹಾಸ್ಯಗಾರರ ಮಾತು ಕೆಲವೊಮ್ಮೆ ನೋಯಿಸುತ್ತದೆ. ಆದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ತೂಕದ ಯಂತ್ರವಿಲ್ಲ.

ತೂಕ ಆರೋಗ್ಯದ ಪ್ರಶ್ನೆಯೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ 24.0% ಹಾಗೂ ಪುರುಷರಲ್ಲಿ 22.9% ಮಂದಿಯ ತೂಕ ಮಿತಿಗಿಂತ ಹೆಚ್ಚು. ಸಕ್ಕರೆ ಕಾಯಿಲೆಯ ಭಯ ನಿಜ. ಅದನ್ನು ನೋಡಿಕೊಳ್ಳಬೇಕಾದ ಜಾಗ ವೈದ್ಯರ ಕೊಠಡಿ, ಅಲ್ಲಿಗೆ ಕ್ಯಾಮೆರಾ ಬೇಡ.

ಬ್ರಿಟನ್‌ನಲ್ಲಿ ಪ್ರಸಾರ ನಿಯಂತ್ರಕ ಆಫ್‌ಕಾಮ್ 2021ರ ಏಪ್ರಿಲ್‌ನಿಂದ ಸ್ಪರ್ಧಿಗಳ ಯೋಗಕ್ಷೇಮವನ್ನು ವಾಹಿನಿಗಳ ಹೊಣೆಯಾಗಿಸಿದೆ. ಇಲ್ಲಿಯೂ ಅದೇ ಎಚ್ಚರ ಬೇಕು. ಶಿರಸಿಯಿಂದ ಮಗಳನ್ನು ಡಾನ್ಸ್ ಷೋ ಆಡಿಷನ್‌ಗೆ ಕರೆದೊಯ್ಯುವ ತಂದೆತಾಯಿ ಸಹಿ ಹಾಕುವ ಮೊದಲು ಕೆಲವನ್ನು ಕೇಳಿ ತಿಳಿಯಬೇಕು: ತೂಕದ ಬಗ್ಗೆ ತೀರ್ಪುಗಾರರು ಮಾತಾಡಬಹುದೇ, ಊಟದ ಪಟ್ಟಿ ಬರೆಯುವವರು ಯಾರು, ಚಿತ್ರೀಕರಣ ಮುಗಿದ ಮೇಲೆ ಆರೋಗ್ಯ ಕೆಟ್ಟರೆ ಖರ್ಚು ಯಾರದು?