ಮಡಚಿ ಮಲಗಿದ ಕೈಯಲ್ಲೂ 25,000 ವೋಲ್ಟ್

ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ಒಂದು ನಿಮಿಷ ನಿಂತು ನೋಡಿ. ಕೆಳಗೆ ಎಲೆಕ್ಟ್ರಿಕ್ ಎಂಜಿನ್ ನಿಂತಿದ್ದರೆ ಅದರ ನೆತ್ತಿ ಕಾಣುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಈ ನೋಟ ಸಿಗುವುದಿಲ್ಲ. ನೆತ್ತಿಯ ಮೇಲೆ ಎರಡು ಪ್ಯಾಂಟೋಗ್ರಾಫ್, ಅಂದರೆ ಮೇಲಿನ ತಂತಿಯಿಂದ ಕರೆಂಟ್ ಪಡೆಯುವ ಮಡಚುವ ಕೈಗಳು, ಇರುತ್ತವೆ. ಹಿಂದಿನದು ಮೊಣಕೈ ಎತ್ತಿ ತಂತಿಗೆ ಒತ್ತಿಕೊಂಡಿರುತ್ತದೆ. ಮುಂದಿನದು ಮಡಚಿಕೊಂಡು ಮಲಗಿರುತ್ತದೆ. ಎರಡರ ನಡುವೆ, ಕೊಡೆಗಳನ್ನು ಒಂದರ ಮೇಲೊಂದು ಪೋಣಿಸಿದಂತಿರುವ ಇನ್ಸುಲೇಟರ್‌ಗಳ ಮೇಲೆ, ಬರಿಮೈಯ ಲೋಹದ ಸರಳೊಂದು ಉದ್ದಕ್ಕೂ ಹಾದಿರುತ್ತದೆ.

ಮಲಗಿರುವ ಆ ಪ್ಯಾಂಟೋದಲ್ಲಿ ಕರೆಂಟ್ ಇದೆಯಾ? ನಾನು ಕೇಳಿದವರಲ್ಲಿ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅದು ತಂತಿಯನ್ನು ಮುಟ್ಟಿಯೇ ಇಲ್ಲವಲ್ಲ!

ಇದೆ. ನೆತ್ತಿಯ ಸರಳು ಎರಡೂ ಪ್ಯಾಂಟೋಗಳನ್ನು ಜೋಡಿಸುತ್ತದೆ. ಒಂದು ತಂತಿ ಮುಟ್ಟಿದರೆ ಇನ್ನೊಂದಕ್ಕೂ ಅದೇ 25,000 ವೋಲ್ಟ್ ಬರುತ್ತದೆ. ಕೆಟ್ಟುಹೋದ ಪ್ಯಾಂಟೋವನ್ನು ಬೇರ್ಪಡಿಸಲು ಅಲ್ಲೇ ಒಂದು ಸ್ವಿಚ್ ಇದೆ, ನಿಜ. ಆದರೆ ಎಲ್ಲ ಸರಿಯಿರುವ ಎಂಜಿನ್‌ನಲ್ಲಿ ಮಲಗಿದ್ದೂ ಎದ್ದು ನಿಂತದ್ದರಷ್ಟೇ ಅಪಾಯ. ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿ, ಏಣಿ ಹತ್ತಿದರೆ ಕೈಗೆ ಸಿಗುವ ಜಾಗದಲ್ಲಿ ಅದು ಮಲಗಿದೆ. ಎಂಜಿನ್ ಮೇಲೆ ಬರೆದ ತಲೆಬುರುಡೆ, ಕೆಂಪು ಮಿಂಚಿನ ಗುರುತು, '25,000 ವೋಲ್ಟ್' ಎಂಬ ಅಂಕಿ ಎಲ್ಲವೂ ಹೇಳುತ್ತಿರುವುದು ಇದನ್ನೇ. ಇಲ್ಲಿ ನಿಮ್ಮ ಕಣ್ಣನ್ನು ನಂಬಬೇಡಿ.

ಎಂಜಿನ್ ಮೇಲಿನ ಎಚ್ಚರಿಕೆ ಗುರುತುಗಳನ್ನು ನಾನು ಹಾಗೇ ಓದುತ್ತೇನೆ. ಕಣ್ಣಿಗೆ ಕಾಣುವ ಅಪಾಯಕ್ಕೆ ಯಾರೂ ಬೋರ್ಡ್ ಹಾಕುವುದಿಲ್ಲ. ಚಕ್ರದ ಮೇಲೆ 'ಉರುಳುತ್ತದೆ' ಎಂದು ಯಾಕೆ ಬರೆಯಬೇಕು? ಕಣ್ಣು ಮೋಸಹೋಗುವ ಕಡೆಯೇ ಬಣ್ಣ ಬೇಕಾಗುವುದು.

ಇದಕ್ಕೆ ಬ್ರಿಟನ್‌ನ ಕಥೆ ಒಳ್ಳೆಯ ಸಾಕ್ಷಿ. 1960ರ ಆಸುಪಾಸಿನಲ್ಲಿ ಅಲ್ಲಿ 25,000 ವೋಲ್ಟ್ ತಂತಿ ಎಳೆಯಲು ಶುರು ಮಾಡಿದರು. ಅದೇ ಹಳಿಗಳ ಮೇಲೆ ಉಗಿಬಂಡಿಗಳೂ ಓಡುತ್ತಿದ್ದವು. ಉಗಿಬಂಡಿಯ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ಹಿಂದಿನ ಟೆಂಡರ್ (ಕಲ್ಲಿದ್ದಲು, ನೀರು ತುಂಬಿದ ಬಂಡಿ) ಮೇಲೆ ಹತ್ತುವುದು ದಿನದ ಕೆಲಸ. ಕಲ್ಲಿದ್ದಲು ಮುಂದಕ್ಕೆ ಎಳೆಯಬೇಕು, ನೀರು ತುಂಬಿಸಬೇಕು. ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ವರ್ಷಗಟ್ಟಲೆ ತಲೆಯ ಮೇಲೆ ಬರಿ ಆಕಾಶ ನೋಡಿದವನಿಗೆ ಈಗ ಅಲ್ಲೊಂದು ತಂತಿ ಬಂದಿದೆ ಅನ್ನುವುದು ಕೈಕಾಲಿಗೆ ಅಭ್ಯಾಸವಾಗಿರಲಿಲ್ಲ. ಕೆಲವರು ಸತ್ತರು. ಆಮೇಲೆ ಹತ್ತುವ ಜಾಗಗಳಲ್ಲೆಲ್ಲ ಮಿಂಚಿನ ಗುರುತಿನ ಪುಟ್ಟ ಫಲಕಗಳು ಬಂದವು. 1964ರ ಸೆಪ್ಟೆಂಬರ್ 1ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ಜಾತಿಯ ಎತ್ತರದ ಉಗಿಬಂಡಿಗಳ ಕ್ಯಾಬಿನ ಪಕ್ಕಕ್ಕೆ ಓರೆಯಾಗಿ ಒಂದು ಹಳದಿ ಪಟ್ಟೆ ಬಳಿದರು. ಈ ಬಂಡಿ ಕ್ರೂ ಎಂಬ ಊರಿನಿಂದ ದಕ್ಷಿಣಕ್ಕೆ ತಂತಿಯ ಕೆಳಗೆ ಹೋಗಕೂಡದು ಎಂದು ಅದರ ಅರ್ಥ. ಒಂದಕ್ಷರವೂ ಇಲ್ಲ, ಬರಿ ಒಂದು ಗೆರೆ.

ಅದೇ ಕಾಲದಲ್ಲಿ ಅಲ್ಲಿನ ಡೀಸೆಲ್ ಮತ್ತು ಎಲೆಕ್ಟ್ರಿಕ್ ಎಂಜಿನ್‌ಗಳ ಮುಖಕ್ಕೂ ಹಳದಿ ಬಂತು. ಮೊದಲು ಚಿಕ್ಕ ಚೌಕ, ಆಮೇಲೆ ಇಡೀ ಮುಖ. ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್‌ಗಳು ಅಲ್ಲಿಯವರೆಗೆ ಉಗಿಬಂಡಿಯ ಸದ್ದನ್ನೂ ಹೊಗೆಯನ್ನೂ ನೆಚ್ಚಿಕೊಂಡಿದ್ದರು. ಹೊಸ ಎಂಜಿನ್ ಸದ್ದಿಲ್ಲದೆ ಬಂದುಬಿಡುತ್ತಿತ್ತು. ಕಿವಿ ಕಳೆದುಕೊಂಡದ್ದನ್ನು ಕಣ್ಣಿಗೆ ಕೊಟ್ಟರು.

ಈಗ ನಮ್ಮ ಕಡೆ ಬರೋಣ. ರೈಲಿನ ತಂತಿಯ ಬಗ್ಗೆ ನಮ್ಮಲ್ಲಿ ಎರಡು ಮಾತು ಜಾಸ್ತಿ ಕೇಳುತ್ತೇನೆ. ಒಂದು, 'ಮುಟ್ಟದಿದ್ದರೆ ಏನೂ ಆಗಲ್ಲ.' ಇನ್ನೊಂದು, 'ಅದು ದೂರದಿಂದಲೇ ಮನುಷ್ಯನನ್ನು ಎಳೆದುಕೊಳ್ಳುತ್ತದೆ.' ಎರಡೂ ತಪ್ಪು. ಎರಡರ ಒಳಗೂ ಒಂದು ಚೂರು ನಿಜ ಇರುವುದರಿಂದಲೇ ಅವು ಇನ್ನೂ ಉಳಿದುಕೊಂಡಿವೆ.

ಗಾಳಿ ಕರೆಂಟನ್ನು ತಡೆಯುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಎದುರುಬದುರು ಎರಡು ಚಪ್ಪಟೆ ತಟ್ಟೆಗಳಿದ್ದರೆ ಒಂದು ಸೆಂಟಿಮೀಟರ್ ಗಾಳಿ ಸುಮಾರು 30,000 ವೋಲ್ಟ್ ತಡೆಯುತ್ತದೆ. ನಮ್ಮ ತಂತಿಯಲ್ಲಿರುವ 25,000 ಎಂಬುದು ಸರಾಸರಿಯ ಲೆಕ್ಕದ ಅಂಕಿ. ಎಸಿ ಕರೆಂಟ್ ಏರಿಳಿಯುತ್ತಾ ಇರುತ್ತದೆ, ತುದಿ ಮುಟ್ಟಿದಾಗ ಅದು 35,000 ದಾಟುತ್ತದೆ. ಅಂದರೆ ತಟ್ಟೆಗಳ ನಡುವೆಯೇ ಒಂದು ಸೆಂಟಿಮೀಟರ್ ಸಾಲದು. ಇನ್ನು ಬೆರಳ ತುದಿ, ಸೆಲ್ಫಿ ಸ್ಟಿಕ್, ಕೊಡೆಯ ಕಡ್ಡಿ ಇವು ಚೂಪು. ಜಾತ್ರೆಯ ಜನವೆಲ್ಲ ಗುಡಿಯ ಕಿರುಬಾಗಿಲಿಗೆ ನುಗ್ಗಿದ ಹಾಗೆ ವಿದ್ಯುತ್ತಿನ ಒತ್ತಡವೆಲ್ಲ ಚೂಪಿಗೆ ಬಂದು ಸೇರುತ್ತದೆ. ಆಗ ಕೆಲವು ಸೆಂಟಿಮೀಟರ್ ದೂರದಿಂದಲೂ ಕಿಡಿ ಹಾರಬಹುದು.

ಗಾಳಿ ಸೋಲುವುದು ಹೇಗೆ? ಒಗ್ಗರಣೆಗೆ ಸಾಸಿವೆ ಹಾಕಿದಾಗ ಏನಾಗುತ್ತದೆ ನೋಡಿ. ಮೊದಲು ಒಂದು ಕಾಳು ಚಟ್ ಎನ್ನುತ್ತದೆ. ಆಮೇಲೆ ಎರಡು. ಆಮೇಲೆ ಬಾಣಲೆಯೆಲ್ಲ ಚಟಪಟ. ಗಾಳಿಯಲ್ಲಿ ಯಾವಾಗಲೂ ಅಲ್ಲೊಂದು ಇಲ್ಲೊಂದು ಬಿಡಿ ಎಲೆಕ್ಟ್ರಾನ್ ಇರುತ್ತದೆ. ತಂತಿಯ ಒತ್ತಡಕ್ಕೆ ಅದು ಓಡುತ್ತದೆ, ಎದುರಿನ ಅಣುವಿಗೆ ಗುದ್ದಿ ಇನ್ನೊಂದು ಎಲೆಕ್ಟ್ರಾನನ್ನು ಕಳಚುತ್ತದೆ. ಈಗ ಎರಡು. ಎರಡೂ ಗುದ್ದಿದರೆ ನಾಲ್ಕು. ಹಳ್ಳಿಯಲ್ಲಿ ಒಬ್ಬರ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬುವುದೂ ಇದೇ ಲೆಕ್ಕದಲ್ಲಿ. ವ್ಯತ್ಯಾಸ ಇಷ್ಟೇ, ಇಲ್ಲಿ ಸಂಜೆಯವರೆಗೆ ಕಾಯಬೇಕಾಗಿಲ್ಲ, ಸೆಕೆಂಡಿನ ಲಕ್ಷದಲ್ಲೊಂದು ಭಾಗವೂ ಬೇಡ. ಇಷ್ಟು ಹೊತ್ತು ಗೋಡೆಯಾಗಿದ್ದ ಗಾಳಿ ತಾನೇ ತಂತಿಯಾಗಿಬಿಡುತ್ತದೆ. ಕೆರೆ ಏರಿಯಲ್ಲಿ ಇಲಿ ತೋಡಿದ ಬಿಲದಂತೆ. ನೀರು ಒಮ್ಮೆ ಆಚೆ ಬಂದರೆ ಆ ಬಿಲ ಬಿಲವಾಗಿ ಉಳಿಯುವುದಿಲ್ಲ, ಕೋಡಿಯಾಗುತ್ತದೆ.

'ಎಳೆದುಕೊಳ್ಳುತ್ತದೆ' ಎಂಬ ಮಾತು ಹುಟ್ಟಿದ್ದು ಇಲ್ಲಿಂದ ಇರಬೇಕು. ಕಿಡಿ ಹೊತ್ತಿಕೊಳ್ಳಲು ಹತ್ತಿರ ಹೋಗಬೇಕು. ಆದರೆ ಒಮ್ಮೆ ಹೊತ್ತಿಕೊಂಡ ಮೇಲೆ ದೂರ ಸರಿದರೂ ಅದು ತಕ್ಷಣ ಆರುವುದಿಲ್ಲ. ಕಾದ ಗಾಳಿಯಲ್ಲಿ ದಾರಿ ಆಗಲೇ ಆಗಿದೆ, ಬೆಲ್ಲದ ಪಾಕದ ಎಳೆಯಂತೆ ಅದು ಉದ್ದಕ್ಕೆ ಎಳೆಯುತ್ತಾ ಬರುತ್ತದೆ. ನೋಡಿದವರಿಗೆ ತಂತಿಯೇ ಕೈಚಾಚಿ ಹಿಡಿದಂತೆ ಕಾಣುತ್ತದೆ. ಬದುಕಿರುವ ತಂತಿಯಿಂದ 2 ಮೀಟರ್ ದೂರ ಇರಬೇಕು ಎಂದು ರೈಲ್ವೆ ನಿಯಮ. ಕಿಡಿ ಅಷ್ಟು ದೂರ ಹಾರುತ್ತದೆ ಎಂದಲ್ಲ. ಮನುಷ್ಯ ಜಾರುತ್ತಾನೆ, ತೋಳು ಎತ್ತುತ್ತಾನೆ, ಕೈಯಲ್ಲಿ ಏನಾದರೂ ಹಿಡಿದಿರುತ್ತಾನೆ. ಆ ಲೆಕ್ಕ ಅದರಲ್ಲಿ ಸೇರಿದೆ.

ಬೋಗಿಯ ಮೇಲೆ ಹತ್ತುವವರ ವಿಚಾರ ಬಂದರೆ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇಲ್ಲಿ ಭೌತಶಾಸ್ತ್ರವೂ ಬೇಡ, ಕೂಡುವ ಲೆಕ್ಕ ಸಾಕು. ಬೋಗಿಯ ಮಾಡು ಹಳಿಯಿಂದ ಸುಮಾರು 4 ಮೀಟರ್. ತಂತಿ ಸುಮಾರು ಐದೂವರೆ ಮೀಟರ್. ಐದೂವರೆ ಅಡಿಯ ಹುಡುಗ ಅಂದರೆ 1.68 ಮೀಟರ್. ಅವನು ನೆಟ್ಟಗೆ ನಿಂತರೆ ತಲೆ ತಂತಿಗಿಂತ ಮೇಲೆ ಹೋಗುತ್ತದೆ. ಫೋಟೋ ತೆಗೆಯಲು ಹತ್ತಿದ ಹುಡುಗ ಸತ್ತ ಸುದ್ದಿ ಬಂದಾಗಲೆಲ್ಲ 'ಅವನ ಹಣೆಬರಹ' ಎನ್ನುವವರು ಸಿಗುತ್ತಾರೆ. ಹಣೆಬರಹವಲ್ಲ ಅದು. ಒಂದೂವರೆ ಮೀಟರ್ ಸಂದಿಯಲ್ಲಿ 1.68 ಮೀಟರ್ ಹಿಡಿಸಲಿಲ್ಲ, ಅಷ್ಟೇ. ಈ ಲೆಕ್ಕವನ್ನು ಶಾಲೆಯಲ್ಲಿ ಹೇಳಿಕೊಟ್ಟರೆ ಒಂದಿಷ್ಟು ಮಕ್ಕಳು ಉಳಿಯುತ್ತಾರೆ ಎಂದು ನಾನು ನಂಬಿದ್ದೇನೆ.

ರಬ್ಬರ್ ಚಪ್ಪಲಿ ಕಾಪಾಡುತ್ತದೆ ಎನ್ನುವವರೂ ಇದ್ದಾರೆ. ಮನೆಯ 230 ವೋಲ್ಟಿನಲ್ಲಿ ಅದು ಒಮ್ಮೊಮ್ಮೆ ಉಳಿಸಿರಬಹುದು. ಇದು ಅದರ ನೂರು ಪಟ್ಟಿಗೂ ಹೆಚ್ಚು. ಬೋಗಿಯ ಮೈ, ಚಕ್ರ, ಹಳಿ, ನೆಲ ಎಲ್ಲ ಒಂದಕ್ಕೊಂದು ಸೇರಿಕೊಂಡಿವೆ. ಪ್ಲಾಟ್‌ಫಾರಂನಲ್ಲಿ ನಿಂತು ರೈಲನ್ನು ಮುಟ್ಟಿದರೆ ನಮಗೆ ಶಾಕ್ ಹೊಡೆಯದಿರುವುದು ಇದರಿಂದಲೇ. ಮಾಡಿನ ಮೇಲೆ ನಿಂತವನು ಸಾಯುವುದೂ ಇದರಿಂದಲೇ. ತಂತಿಯ ಮೇಲೆ ಕೂತ ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ, ಹಾಗಾಗಿ ಅದಕ್ಕೇನೂ ಆಗದು. ಹುಡುಗ ನಿಂತಿರುವುದು ನೆಲದ ಮೇಲೆ, 4 ಮೀಟರ್ ಎತ್ತರಿಸಿದ ನೆಲದ ಮೇಲೆ.

ತಲೆಬುರುಡೆಯ ಬಗ್ಗೆ ಒಂದು ಮಾತು. ಅದು ಪೇಂಟರ್ ಸುಮ್ನೆ ಬರೆದ ಚಿತ್ರವಲ್ಲ. 1956ರ ವಿದ್ಯುತ್ ನಿಯಮಗಳ 35ನೇ ನಿಯಮವೇ ಬುರುಡೆ ಮತ್ತು ಮೂಳೆ ಇರಬೇಕು ಎಂದು ಹೇಳಿತ್ತು. ಜೊತೆಗೆ ಹಿಂದಿ ಅಥವಾ ಇಂಗ್ಲಿಷ್, ಮತ್ತು ಆ ಜಿಲ್ಲೆಯ ಭಾಷೆ. ನಮ್ಮ ಟ್ರಾನ್ಸ್‌ಫಾರ್ಮರ್ ಕಂಬಗಳಲ್ಲಿ 'ಅಪಾಯ' ಎಂಬ ಕನ್ನಡ ಪದ ಕಾಣುವುದಕ್ಕೆ ಕಾನೂನಿನ ಬಲ ಇತ್ತು. ಓದು ಬಾರದವರಿಗೆ ಬುರುಡೆ, ಬಂದವರಿಗೆ ಪದ. ಅದೇ ಬುರುಡೆ ಇವತ್ತು ಬೈಕಿನ ಟ್ಯಾಂಕ್ ಮೇಲೆ, ಮಕ್ಕಳ ಟೀಶರ್ಟ್ ಮೇಲೆ ಚಂದಕ್ಕೆ ಬಂದು ಕೂತಿದೆ. ಇದು ನನಗೆ ನಿಜಕ್ಕೂ ಕಳವಳದ ಸಂಗತಿ. ಎಲ್ಲೆಲ್ಲೂ ಕಂಡ ಗುರುತು ಕೊನೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಂಜಿನ್ ಮಾಡಿದವರಿಗೂ ಇದು ಗೊತ್ತಿತ್ತು ಅನಿಸುತ್ತದೆ. ಬೋರ್ಡನ್ನಷ್ಟೇ ನಂಬಿ ಅವರು ಕೂರಲಿಲ್ಲ. ಒಳಗೆ ಹೈ ಟೆನ್ಷನ್ ಕೋಣೆ ಇದೆ, ಬಾಗಿಲ ಮೇಲೆ ಬುರುಡೆಯೂ ಇದೆ. ಆದರೆ ಬಾಗಿಲು ತೆಗೆಯುವ ಬೀಗದ ಕೈ ಸುಲಭಕ್ಕೆ ಸಿಗುವುದಿಲ್ಲ. ಮೊದಲು ಪ್ಯಾಂಟೋ ಇಳಿಸಬೇಕು, ಆಗ ಮಾತ್ರ ಅದರ ಕೀ ಹೊರಗೆ ಬರುತ್ತದೆ. ಆ ಕೀ ಹಾಕಿದರೆ ಮಾತ್ರ ಅರ್ಥಿಂಗ್ ಸ್ವಿಚ್ ತಿರುಗುತ್ತದೆ. ಅದು ತಿರುಗಿ ನೆತ್ತಿಯ ಸರಳು ನೆಲಕ್ಕೆ ಸೇರಿದ ಮೇಲೆ ಕೋಣೆಯ ಕೀ ಬಿಡುಗಡೆಯಾಗುತ್ತದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇಟ್ಟ ಅಜ್ಜಿಕಥೆಯ ಹಾಗೆ, ಒಂದು ಕೀಯೊಳಗೆ ಇನ್ನೊಂದು ಕೀ.

ಇಷ್ಟಾದರೂ ಎಂಜಿನ್ ನೆತ್ತಿಗೆ ಹತ್ತುವಂತಿಲ್ಲ. ಸತ್ತಿರುವುದು ಎಂಜಿನ್ ಮಾತ್ರ, ಮೇಲಿನ ತಂತಿ ಬದುಕೇ ಇದೆ. ಆ ತಂತಿಯನ್ನು ಬೇರೆಯಾಗಿ ಆಫ್ ಮಾಡಿಸಿ, ಅದನ್ನೂ ನೆಲಕ್ಕೆ ಸೇರಿಸಬೇಕು. ಆಫ್ ಮಾಡಿದರೆ ಸಾಲದೇ ಅಂದರೆ ಸಾಲದು. ಪಕ್ಕದ ಹಳಿಯ ಬದುಕಿರುವ ತಂತಿ ಈ ಸತ್ತ ತಂತಿಯಲ್ಲೂ ಕರೆಂಟ್ ಎಬ್ಬಿಸುತ್ತದೆ, ಟ್ರಾನ್ಸ್‌ಫಾರ್ಮರ್‌ನ ಒಂದು ಸುರುಳಿ ಇನ್ನೊಂದನ್ನು ಎಬ್ಬಿಸುವ ಹಾಗೆ.

ಹೊಸ ಮಾರ್ಗಕ್ಕೆ ಕರೆಂಟ್ ಬಿಡುವ ಮೊದಲು ರೈಲ್ವೆಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಇಂತಿಂಥ ಸ್ಟೇಷನ್‌ಗಳ ನಡುವೆ, ಇಂಥ ದಿನದಿಂದ, 25,000 ವೋಲ್ಟ್ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾವು ಟೆಂಡರ್ ನೋಟಿಸ್ ಎಂದುಕೊಂಡು ಪುಟ ಮಗುಚುತ್ತೇವೆ. ಮುಂದಿನ ಸಲ ಕಣ್ಣಿಗೆ ಬಿದ್ದರೆ ಪೂರ್ತಿ ಓದಿ. ಆ ದಿನದಿಂದ ತಂತಿಯಲ್ಲಿ 'ಎಲ್ಲ ಸಮಯದಲ್ಲೂ' ಕರೆಂಟ್ ಇದೆ ಎಂದೇ ತಿಳಿಯಬೇಕು ಎಂದು ಅದರಲ್ಲಿ ಹೇಳಿರುತ್ತದೆ. ರೈಲು ಬರುವ ಸಮಯದಲ್ಲಿ ಎಂದಲ್ಲ.