ಊರಿನ ಮಾತಿಗೆ ದಿಲ್ಲಿಯಲ್ಲಿ ಒಂದು ನಿಮಿಷ

1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ಸದನದಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು ಎಂದು ಇಂದಿಗೂ ಅವರನ್ನು ನೆನೆಯುತ್ತೇವೆ. ಪಟೇಲರು ಕಾನೂನು ಓದಿದವರು, ಇಂಗ್ಲಿಷ್ ಬಾರದೆ ಕನ್ನಡಕ್ಕಿಳಿದವರಲ್ಲ. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ವ್ಯವಹಾರ ನಡೆಯಬೇಕಾದದ್ದು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಅವೆರಡರಲ್ಲಿ ಸರಿಯಾಗಿ ಹೇಳಲಾಗದವರಿಗೆ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು, ಅಷ್ಟೆ. ಎದುರಿಗೆ ಕೂತವರಲ್ಲಿ ಬಹುಪಾಲು ಮಂದಿಗೆ ಪಟೇಲರ ಮಾತು ತಲುಪಿರಲಿಕ್ಕಿಲ್ಲ. ಕಳಿಸಿದವರ ಭಾಷೆಯಲ್ಲಿ ಕಳಿಸಿದವರ ಮಾತು ಆಡುತ್ತೇನೆ ಎನ್ನುವ ಹಟ ಮಾತ್ರ ತಲುಪಿತು. ಈಗ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಪಟ್ಟಿಯಾದ ಭಾಷೆಗಳಿಗೆಲ್ಲ ಸದನದಲ್ಲಿ ಏಕಕಾಲದ ಅನುವಾದವಿದೆ. ಮಾತು ತಲುಪುತ್ತದೆ. ಉತ್ತರ ಬರುತ್ತದೆಯೇ ಎಂಬುದು ಬೇರೆಯೇ ಕಥೆ.

ಸಂಸದ ಯಾರ ಪರವಾಗಿ ಮಾತಾಡಬೇಕು ಎಂಬ ಜಗಳ ಸಂಸತ್ತುಗಳಷ್ಟೇ ಹಳೆಯದು. 1774ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಮತದಾರರ ಎದುರು ಎಡ್ಮಂಡ್ ಬರ್ಕ್ ಒಂದು ಭಾಷಣ ಮಾಡಿದ. ಪಾರ್ಲಿಮೆಂಟ್ ಎಂದರೆ ಬೇರೆ ಬೇರೆ ಹಿತಾಸಕ್ತಿಗಳ ವಕೀಲರು ಸೇರುವ ಜಾಗವಲ್ಲ, ಒಂದು ರಾಷ್ಟ್ರ ಕೂತು ಆಲೋಚಿಸುವ ಜಾಗ ಎಂಬುದು ಅದರ ತಿರುಳು. ರಾಜ್ಯಶಾಸ್ತ್ರದ ತರಗತಿಗಳಲ್ಲಿ ಇಷ್ಟನ್ನು ಕಲಿಸುತ್ತಾರೆ. ಮುಂದಿನದು ಅಷ್ಟಾಗಿ ಬಾಯಿಗೆ ಬರುವುದಿಲ್ಲ: ಆರು ವರ್ಷದ ನಂತರ ಅದೇ ಬ್ರಿಸ್ಟಲ್‌ನಲ್ಲಿ ಗೆಲ್ಲುವ ಆಸೆ ಬಿಟ್ಟು ಬರ್ಕ್ ಕಣದಿಂದ ಹಿಂದೆ ಸರಿಯಬೇಕಾಯಿತು.

ನಮ್ಮ ಲೋಕಸಭೆ ಮೊದಲ ಬಾರಿ ಸೇರಿದ್ದು 1952ರ ಮೇ 13ರಂದು. ಊರಿನ ಕಷ್ಟ ಹೇಳಿಕೊಳ್ಳಲು ಆಗ ಇದ್ದ ನೇರ ದಾರಿ ಪ್ರಶ್ನೋತ್ತರ ಅವಧಿ. ಅದು ಸುಲಭದ್ದಲ್ಲ. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಚೀಟಿ ಎತ್ತಿದಾಗ ಹೆಸರು ಬರಬೇಕು, ದಿನಕ್ಕೆ 20 ಚುಕ್ಕೆ ಗುರುತಿನ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಪ್ರಶ್ನೆಗಳಲ್ಲಿ ನಿಮ್ಮದು ಮೇಲಿನ ಐದಾರರೊಳಗೆ ಇರಬೇಕು. ಇಲ್ಲವಾದರೆ ಮಂತ್ರಿಯ ಬಾಯಲ್ಲಿ ಉತ್ತರ ಬರುವ ಮೊದಲೇ ಹೊತ್ತು ಮುಗಿಯುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ಪ್ರಶ್ನೆ ಮುಖ್ಯವಾಗಿ ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದೇ ಆಗಿರಬೇಕು. ಊರಿನವರು ಸಂಸದರ ಮನೆ ಬಾಗಿಲಿಗೆ ಹೊತ್ತು ತರುವುದು ಕುಡಿಯುವ ನೀರು, ಆಸ್ಪತ್ರೆ, ಒಳರಸ್ತೆ, ಪಹಣಿ. ಇವೆಲ್ಲ ಹೆಚ್ಚುಕಮ್ಮಿ ರಾಜ್ಯದ ಬಾಬ್ತು. ಹಾಗಾಗಿ ಜಾಣ ಸಂಸದ ಊರಿನ ದೂರನ್ನು ದಿಲ್ಲಿಯ ಖಾತೆಗಳಿಗೆ ಒಗ್ಗಿಸಿ ಹೇಳಲು ಕಲಿಯುತ್ತಾನೆ. ಒಳರಸ್ತೆ ಬಿಟ್ಟು ರಾಷ್ಟ್ರೀಯ ಹೆದ್ದಾರಿ, ತಾಲ್ಲೂಕು ಆಸ್ಪತ್ರೆ ಬಿಟ್ಟು ಇಎಸ್‌ಐ ಆಸ್ಪತ್ರೆ, ಸರ್ಕಾರಿ ಶಾಲೆ ಬಿಟ್ಟು ಕೇಂದ್ರೀಯ ವಿದ್ಯಾಲಯ. ಸದನದಲ್ಲಿ ನಾವು ಕೇಳುವ ಬೇಡಿಕೆಗಳು ಯಾವಾಗಲೂ ಇವೇ ಯಾಕಾಗಿರುತ್ತವೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಈ ಬಿಗಿಯಿಂದ ಹುಟ್ಟಿಕೊಂಡದ್ದು ಶೂನ್ಯ ವೇಳೆ. ಅರವತ್ತರ ದಶಕದಲ್ಲಿ, ಹನ್ನೊಂದಕ್ಕೆ ಶುರುವಾದ ಪ್ರಶ್ನೋತ್ತರ ಹನ್ನೆರಡಕ್ಕೆ ಮುಗಿಯುತ್ತಿದ್ದಂತೆ, ಮುಂದಿನ ಕಲಾಪ ಕೈಗೆತ್ತಿಕೊಳ್ಳುವ ಮೊದಲು ಸದಸ್ಯರು ಎದ್ದು ನಿಂತು ತಮಗೆ ತುರ್ತೆನಿಸಿದ್ದನ್ನು ಕೂಗಿ ಹೇಳತೊಡಗಿದರು. ನಿಯಮದ ಪುಸ್ತಕದಲ್ಲಿ ಇದಕ್ಕೆ ಜಾಗವಿರಲಿಲ್ಲ. ಆ ಹೆಸರು ಈಗಲೂ ಅದರಲ್ಲಿಲ್ಲ. ಅದು ಪತ್ರಿಕೆಗಳಲ್ಲಿ ಚಾಲ್ತಿಗೆ ಬಂದದ್ದು. ಬ್ರಿಟಿಷರಿಂದ ಎರವಲು ತಂದ ಪದ್ಧತಿಗಳ ನಡುವೆ ಇದೊಂದು ಅಪ್ಪಟ ದೇಸಿ, ಸದಸ್ಯರು ಗದ್ದಲ ಮಾಡಿ ಗಿಟ್ಟಿಸಿಕೊಂಡದ್ದು. ಬರಬರುತ್ತ ಸಭಾಧ್ಯಕ್ಷರು ಅದಕ್ಕೂ ಒಂದು ಅಂಕೆ ತಂದರು. ಈಗ ನೋಟಿಸ್ ಇದೆ, ಚೀಟಿ ಎತ್ತುವುದಿದೆ, ಪಟ್ಟಿಯಿದೆ. ರಾಜ್ಯಸಭೆಯಲ್ಲಂತೂ 2014ರಿಂದ ಶೂನ್ಯ ವೇಳೆಯೇ ಬೆಳಗ್ಗೆ ಹನ್ನೊಂದಕ್ಕೆ, ಪ್ರಶ್ನೋತ್ತರ ಹನ್ನೆರಡಕ್ಕೆ.

ಶೂನ್ಯ ವೇಳೆಯ ಒಂದು ಸರದಿಯನ್ನು ಗಮನವಿಟ್ಟು ನೋಡಿ. ಹೆಸರು ಕರೆದ ಕೂಡಲೇ ಸದಸ್ಯ ಏಳುತ್ತಾನೆ, ಕೈಯಲ್ಲಿ ಒಂದು ಹಾಳೆ. ಮೊದಲ ಹತ್ತು ಸೆಕೆಂಡು ಸಭಾಧ್ಯಕ್ಷರಿಗೆ ಧನ್ಯವಾದ. ಮತ್ತೆ ಹತ್ತು ಸೆಕೆಂಡು ಕ್ಷೇತ್ರದ ಹೆಸರು, ಅದರ ಹಿರಿಮೆ. ಆಮೇಲೆ ವಿಷಯ: ಇಂಥ ಸ್ಟೇಷನ್ನಿನಲ್ಲಿ ಇಂಥ ಎಕ್ಸ್‌ಪ್ರೆಸ್ ನಿಲ್ಲುತ್ತಿಲ್ಲ, ಲೆವೆಲ್ ಕ್ರಾಸಿಂಗ್ ಮುಚ್ಚಿ ಕೆಳಸೇತುವೆ ಮಾಡಿದರು, ಮಳೆಗಾಲದಲ್ಲಿ ಅದರ ತುಂಬ ನೀರು. ಅಂಕಿಸಂಖ್ಯೆಗೆ ಬರುವಷ್ಟರಲ್ಲಿ ಪೀಠದಿಂದ 'ಮುಗಿಸಿ' ಎಂಬ ಸೂಚನೆ. ಆಗ್ರಹಿಸುತ್ತೇನೆ ಎಂಬ ಕೊನೆಯ ಪದ ಹೊರಬೀಳುವ ಮೊದಲೇ ಇನ್ನೊಬ್ಬರ ಹೆಸರು ಕರೆದಾಗಿರುತ್ತದೆ. ಮಂತ್ರಿ ಎದ್ದು ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ, ಸಾಮಾನ್ಯವಾಗಿ ಏಳುವುದೂ ಇಲ್ಲ. ಸಂಜೆಯೊಳಗೆ ಆ ಒಂದು ನಿಮಿಷದ ವಿಡಿಯೊ ಕ್ಷೇತ್ರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಸಂಸದರು ನಿಜಕ್ಕೂ ಮಾತಾಡಿದ್ದು ಯಾರಿಗೆ ಎಂಬ ಅನುಮಾನ ಬಂದರೆ ತಪ್ಪೇನಿಲ್ಲ. ಆದರೂ ನಾನು ಇದನ್ನು ಬರೀ ನಾಟಕ ಎಂದು ತಳ್ಳಿಹಾಕುವವನಲ್ಲ. ಕಡತಕ್ಕೆ ಸೇರಿದ ಮಾತು ಮುಂದೆ ಯಾವಾಗಲೋ ಕೈಹಿಡಿಯುವುದುಂಟು.

ಇದರ ಪಕ್ಕದಲ್ಲೇ ಲೋಕಸಭೆಯ ಕಾರ್ಯಕಲಾಪದ ನಿಯಮ 377 ಇದೆ. 250 ಪದ ಮೀರದಂತೆ ಬರೆದುಕೊಟ್ಟು, ಒಪ್ಪಿಗೆ ಸಿಕ್ಕಮೇಲೆ ಅಷ್ಟನ್ನೇ ಓದಬೇಕು. ಸದನ ಗದ್ದಲದಲ್ಲಿದ್ದರೆ ಓದುವುದೂ ಇಲ್ಲ, 'ಮಂಡಿಸಲಾಗಿದೆ' ಎಂದರೆ ಮುಗಿಯಿತು. ಇದರ ಒಂದು ಲಾಭವೆಂದರೆ ಸಂಬಂಧಪಟ್ಟ ಸಚಿವಾಲಯ ಸದಸ್ಯರಿಗೆ ಲಿಖಿತ ಉತ್ತರ ಕಳಿಸಬೇಕು. ಆ ಪತ್ರಗಳ ಭಾಷೆ ಬಲ್ಲವರಿಗೆ ಗೊತ್ತು: 'ಪರಿಶೀಲನೆಯಲ್ಲಿದೆ', 'ಕಾರ್ಯಸಾಧ್ಯತೆ ನೋಡಿ ಕ್ರಮ'. ಇಂಥದ್ದೇ ಮಾತುಗಳನ್ನು ಮಂತ್ರಿಗಳು ಸದನದೊಳಗೆ ಆಡಿ ಮರೆಯಬಾರದೆಂದು 1953ರಲ್ಲೇ ಸರ್ಕಾರಿ ಭರವಸೆಗಳ ಸಮಿತಿ ಹುಟ್ಟಿತು. ಯಾವ ಯಾವ ವಾಕ್ಯಗಳನ್ನು ಭರವಸೆ ಎಂದು ಎಣಿಸಬೇಕೆಂಬ ಪಟ್ಟಿಯೇ ಅದರ ಬಳಿ ಇದೆ, 'ನೋಡುತ್ತೇನೆ' ಎಂಬಂಥದ್ದೂ ಸೇರಿ. ಹಾರಿಕೆ ಉತ್ತರಕ್ಕೆ ಬಂದ ಗೌರವವೆನ್ನಿ. ಕೊಟ್ಟ ಮಾತು ಮೂರು ತಿಂಗಳಲ್ಲಿ ಈಡೇರಬೇಕು ಎಂಬುದು ನಿಯಮ.

ಕ್ಷೇತ್ರದ ಮಾತಿಗೆ ಬಹುಕಾಲ ದೊಡ್ಡ ಸಂತೆಯಾಗಿದ್ದದ್ದು ರೈಲ್ವೆ ಬಜೆಟ್. ಆಕ್ವರ್ತ್ ಸಮಿತಿಯ ಸಲಹೆಯಂತೆ 1924ರಲ್ಲಿ ಸಾಮಾನ್ಯ ಬಜೆಟ್ಟಿನಿಂದ ಬೇರೆಯಾದ ಅದು ಸ್ವಾತಂತ್ರ್ಯದ ನಂತರವೂ ಹಾಗೇ ಉಳಿಯಿತು. ವಿದೇಶಾಂಗ ನೀತಿಯ ಬಗ್ಗೆ ಐದು ವರ್ಷ ತುಟಿಬಿಚ್ಚದ ಸದಸ್ಯನೂ ರೈಲ್ವೆ ಚರ್ಚೆಯಲ್ಲಿ ಮಾತಾಡದೆ ಬಿಡುತ್ತಿರಲಿಲ್ಲ. ಹೊಸ ಮಾರ್ಗ, ಗೇಜ್ ಪರಿವರ್ತನೆ, ಮೇಲ್ಸೇತುವೆ, ಎರಡು ನಿಮಿಷದ ನಿಲುಗಡೆ. ಮಂತ್ರಿ ಯಾವ ರಾಜ್ಯದವರೋ ಆ ರಾಜ್ಯಕ್ಕೆ ರೈಲು ಹೆಚ್ಚು ಎಂಬ ಕುಹಕವೂ ವಾಡಿಕೆಯದ್ದೇ. ಘೋಷಣೆ ಮತ್ತು ಹಳಿಯ ನಡುವಿನ ದೂರ ಎಷ್ಟಿರುತ್ತದೆ ಎಂಬುದಕ್ಕೆ ಬೀದರ್–ಕಲಬುರಗಿ ಮಾರ್ಗ ಸಾಕ್ಷಿ: ತೊಂಬತ್ತರ ದಶಕದಲ್ಲಿ ಮಂಜೂರಾದ ಸುಮಾರು 110 ಕಿಲೋಮೀಟರಿನ ದಾರಿ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಕೊನೆಯ ಪ್ರತ್ಯೇಕ ರೈಲ್ವೆ ಬಜೆಟ್ ಮಂಡನೆಯಾಗಿದ್ದು 2016ರಲ್ಲಿ. ಲೆಕ್ಕಪತ್ರದ ದೃಷ್ಟಿಯಿಂದ ವಿಲೀನ ಸರಿಯಿರಬಹುದು. ಆದರೆ ದೇಶವಿಡೀ ಕಿವಿಗೊಟ್ಟು ಕೇಳುತ್ತಿದ್ದ ದಿನವೊಂದು ಹಿಂದಿನ ಸಾಲಿನ ಸಂಸದನ ಕೈತಪ್ಪಿತು.

ಅದಕ್ಕೂ ಮೊದಲೇ ಇನ್ನೊಂದು ಬದಲಾವಣೆ ಆಗಿತ್ತು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಪಕ್ಷಾಂತರ ತಡೆಯುವ ಹತ್ತನೇ ಪರಿಚ್ಛೇದವನ್ನು ತಂದಿತು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಅಪ್ಪಣೆ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಆಯಾರಾಂ ಗಯಾರಾಂಗಳ ಕಾಟಕ್ಕೆ ಮದ್ದು ಬೇಕಿತ್ತು, ನಿಜ. ಅಡ್ಡಪರಿಣಾಮವೇನೆಂದರೆ, ಒಂದು ಮಸೂದೆ ತನ್ನ ಕ್ಷೇತ್ರದ ರೈತರಿಗೆ ಕೆಡುಕು ಮಾಡುತ್ತದೆ ಎಂದು ಸಂಸದನಿಗೆ ಗೊತ್ತಿದ್ದರೂ ವಿಪ್ ಬಂದ ಮೇಲೆ ಗುಂಡಿ ಒತ್ತುವುದು ಪಕ್ಷ ಹೇಳಿದ ಕಡೆಗೇ. ಬಜೆಟ್, ಮಸೂದೆ, ವಿಶ್ವಾಸಮತಗಳಲ್ಲಿ ಊರಿನ ಪರ ನಿಲ್ಲಲಾಗದವನಿಗೆ ವಿಪ್ಪಿನ ಹಂಗಿಲ್ಲದೆ ಉಳಿದ ಜಾಗವೆಂದರೆ ಶೂನ್ಯ ವೇಳೆ, ಪ್ರಶ್ನೆ ಮತ್ತು 377. ಶೂನ್ಯ ವೇಳೆಯ ಸರದಿಸಾಲು ಬೆಳೆಯುತ್ತಲೇ ಹೋದದ್ದಕ್ಕೆ ಇದೂ ಒಂದು ಕಾರಣವೆಂದೇ ನನ್ನ ಎಣಿಕೆ. 1993ರ ಡಿಸೆಂಬರಿನಲ್ಲಿ ಬಂದ ಸಂಸದರ ನಿಧಿಯಂತೂ ಇನ್ನೊಂದು ಸಮಾಧಾನ ಕೊಟ್ಟಿತು: ಮಂತ್ರಿಯನ್ನು ಕೇಳುವುದೇಕೆ, ಸಮುದಾಯ ಭವನ ನೀವೇ ಕಟ್ಟಿಸಿ. ವರ್ಷಕ್ಕೆ 5 ಲಕ್ಷದಿಂದ ಶುರುವಾದದ್ದು 2011–12ರ ಹೊತ್ತಿಗೆ 5 ಕೋಟಿ ಮುಟ್ಟಿತು.

ಸದನ ಕೂರುವ ದಿನಗಳೇ ಕಡಿಮೆಯಾದದ್ದು ಈ ಸರದಿಸಾಲು ಬೆಳೆದದ್ದಕ್ಕೆ ಇನ್ನೊಂದು ಕಾರಣ. ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕೂತಿತ್ತು, ಹದಿನೇಳನೆಯದು 274 ದಿನ. 2020ರ ಸೆಪ್ಟೆಂಬರಿನ ಕೋವಿಡ್ ಅಧಿವೇಶನದಲ್ಲಿ ಪ್ರಶ್ನೋತ್ತರವನ್ನೇ ಕೈಬಿಟ್ಟು ಶೂನ್ಯ ವೇಳೆಯನ್ನು ಅರ್ಧ ಗಂಟೆಗೆ ಇಳಿಸಿದರು. ಇನ್ನೊಂದೆಡೆ, ಸಭಾಧ್ಯಕ್ಷ ಓಂ ಬಿರ್ಲಾ 2019ರ ಜುಲೈ 18ರಂದು ಒಂದೇ ದಿನ 160ಕ್ಕೂ ಹೆಚ್ಚು ಸದಸ್ಯರಿಗೆ ಶೂನ್ಯ ವೇಳೆಯಲ್ಲಿ ಅವಕಾಶ ಕೊಟ್ಟರು. 2025ರ ಏಪ್ರಿಲ್ 3ರಂದು, ವಕ್ಫ್ ಮಸೂದೆಗಾಗಿ ನಡುರಾತ್ರಿ ದಾಟಿ ಕೂತಿದ್ದ ಸದನ ಹಗಲಿನಲ್ಲಿ ಮತ್ತೆ ಸೇರಿದಾಗ, 202 ಮಂದಿ ಐದು ಗಂಟೆಗೂ ಮೀರಿ ತಮ್ಮ ತಮ್ಮ ಊರಿನ ಮಾತಾಡಿದರು. ದಾಖಲೆಯೆಂದು ಚಪ್ಪಾಳೆ ತಟ್ಟಿದ್ದಾಯಿತು. ಭಾಗಿಸಿ ನೋಡಿದರೆ ತಲೆಗೆ ಒಂದೂವರೆ ನಿಮಿಷ. ಬ್ರಿಟನ್ನಿನ ಕೆಳಮನೆಯಲ್ಲಿ ದಿನದ ಕೊನೆಗೆ ಅರ್ಧ ಗಂಟೆ ಒಬ್ಬನೇ ಸದಸ್ಯನ ಒಂದೇ ವಿಷಯಕ್ಕೆ ಮೀಸಲು. ಬಹಳಷ್ಟು ಸಲ ಅದು ಕ್ಷೇತ್ರದ ವಿಷಯ, ಮತ್ತು ಮಂತ್ರಿಯೊಬ್ಬರು ಅಲ್ಲೇ ಕೂತು ಕೇಳಿ ಉತ್ತರ ಕೊಡುತ್ತಾರೆ. 202 ಜನರಿಗೆ ಬಾಯಿ ಕೊಡುವುದಕ್ಕಿಂತ ಇಬ್ಬರಿಗೆ ಉತ್ತರ ಕೊಡುವುದು ಕಷ್ಟದ ಕೆಲಸ.

ಹಾಗಾದರೆ ಊರಿನ ಮಾತು ಫಲ ಕೊಟ್ಟದ್ದೇ ಇಲ್ಲವೇ? ಕೊಟ್ಟಿದೆ, ಒಂಟಿಯಾಗಿ ಅಲ್ಲ. ಅಡಿಕೆ ಆಮದಿನ ತಕರಾರನ್ನು ಕರಾವಳಿ, ಮಲೆನಾಡಿನ ಸಂಸದರು ಪಕ್ಷಭೇದವಿಲ್ಲದೆ ಎತ್ತುತ್ತ ಬಂದರು. ಬೆಳೆಗಾರರ ಸಂಘಗಳು, ಸಹಕಾರಿಗಳು ಹೊರಗಿನಿಂದ ಒತ್ತಡ ಹಾಕಿದವು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಒಂದು ಅಧಿಸೂಚನೆಯಲ್ಲಿ ಮುಗಿಯುವ ಕೆಲಸವಾದ್ದರಿಂದ ಅಷ್ಟರಮಟ್ಟಿಗೆ ಸುಲಭ.

ಹೈದರಾಬಾದ್ ಕರ್ನಾಟಕದ್ದು ಇನ್ನೂ ಉದ್ದದ ದಾರಿ. ನಿಜಾಮನ ಆಳ್ವಿಕೆಯಲ್ಲಿ ಜೊತೆಗಿದ್ದ ತೆಲಂಗಾಣದವರಿಗೆ 1973ರ ಸಂವಿಧಾನ ತಿದ್ದುಪಡಿಯ 371(ಡಿ) ವಿಧಿಯ ಮೂಲಕ ಉದ್ಯೋಗ, ಶಿಕ್ಷಣದಲ್ಲಿ ವಿಶೇಷ ಅವಕಾಶ ಸಿಕ್ಕಿತು. ಗಡಿಯ ಈಚೆಗಿನ ಬೀದರ್, ಕಲಬುರಗಿ, ರಾಯಚೂರಿಗೆ ಸಿಗಲಿಲ್ಲ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಹೋರಾಡಿದರು, ವಿಧಾನಸಭೆ ಒತ್ತಾಯಿಸಿತು, ಸಂಸದರು ವರ್ಷ ವರ್ಷ ದಿಲ್ಲಿಯಲ್ಲಿ ಹೇಳಿದರು. ಕೇಂದ್ರ ಒಮ್ಮೆ ಆಗದೆಂದು ಕೈಚೆಲ್ಲಿಯೂಬಿಟ್ಟಿತ್ತು. ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆ ಕೇಂದ್ರ ಸಂಪುಟದಲ್ಲಿದ್ದಾಗ, 2012ರ ಡಿಸೆಂಬರಿನಲ್ಲಿ, ಈ ಭಾಗಕ್ಕೂ ಅಂಥದ್ದೇ ವಿಶೇಷ ಅವಕಾಶ ಕೊಡುವ 371(ಜೆ) ವಿಧಿ ಎರಡೂ ಸದನ ದಾಟಿತು. ಒಂದು ಪ್ರದೇಶದ ಅಳಲು ಸಂವಿಧಾನದ ಸಾಲಾಗಲು ಹತ್ತಿರಹತ್ತಿರ ನಲವತ್ತು ವರ್ಷ ಹಿಡಿಯಿತು. ಆ ವಿಧಿಯೊಳಗೇ ಒಂದು ಷರತ್ತಿದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ ಏನು ಮಾಡಿತೆಂಬ ವರದಿಯನ್ನು ಪ್ರತಿವರ್ಷ ರಾಜ್ಯದ ವಿಧಾನಸಭೆಯ ಮುಂದಿಡಬೇಕು. ದಿಲ್ಲಿಯಲ್ಲಿ ಗೆದ್ದ ಮಾತು ಹೀಗೆ ಬೆಂಗಳೂರಿಗೆ ಮರಳಿತು, ಮತ್ತು ಮಂಡಳಿಯ ಲೆಕ್ಕ ಕೇಳುವ ಸರದಿ ಈಗ ಶಾಸಕರದ್ದು.