ಸೈರನ್ ಕೂಗುವ ಊರಲ್ಲಿ ಲೀಗ್ ನಡೆಸಿದ ಲೆಕ್ಕ

1939ರ ಸೆಪ್ಟೆಂಬರ್ 2, ಶನಿವಾರ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಪಂದ್ಯಗಳು ಎಂದಿನಂತೆ ನಡೆದವು. ಮರುದಿನ ಬ್ರಿಟನ್ ಯುದ್ಧ ಸಾರಿತು. ಮೂರೇ ಪಂದ್ಯ ಆಡಿ ಆರು ಅಂಕದೊಂದಿಗೆ ಬ್ಲ್ಯಾಕ್‌ಪೂಲ್ ಮೊದಲ ಸ್ಥಾನದಲ್ಲಿತ್ತು. ಅಂಕಪಟ್ಟಿ ಅಲ್ಲಿಗೇ ನಿಂತಿತು, ಆಟಗಾರರ ಒಪ್ಪಂದಗಳು ಅಮಾನತಾದವು.

ಆದರೆ ಕೆಲವೇ ದಿನಗಳಲ್ಲಿ ಸರ್ಕಾರ ಮತ್ತೆ ಆಟಕ್ಕೆ ಅನುಮತಿ ಕೊಟ್ಟಿತು, ಷರತ್ತುಗಳ ಜೊತೆಗೆ. ಬಾಂಬ್ ಬೀಳಬಹುದೆಂದು ಮಕ್ಕಳನ್ನು ತೆರವುಗೊಳಿಸಿದ ಪ್ರದೇಶಗಳಲ್ಲಿ ಹೆಚ್ಚೆಂದರೆ 8,000 ಪ್ರೇಕ್ಷಕರು, ಉಳಿದ ಕಡೆ ಮುಂಗಡ ಟಿಕೆಟ್ ಪಡೆದ 15,000. ಒಂದೇ ಜಾಗದಲ್ಲಿ ದೊಡ್ಡ ಗುಂಪು ಸೇರಿದರೆ ಒಂದು ಬಾಂಬಿಗೇ ಸಾವಿರಾರು ಜೀವ ಹೋಗುತ್ತದೆ ಎಂಬುದು ಇದರ ಹಿಂದಿನ ಭಯ. ಪ್ರವಾಸಕ್ಕೆ 50 ಮೈಲಿಯ ಮಿತಿ. ರೈಲುಗಳು ಸೈನಿಕರಿಗೆ ಬೇಕಿದ್ದವು. ಆಟಗಾರರೂ ಪಂದ್ಯ ಮುಗಿಸಿ ಕಾರ್ಖಾನೆಗೋ ಸೇನಾ ಶಿಬಿರಕ್ಕೋ ಮರಳಬೇಕಿತ್ತು. ಹೀಗಾಗಿ ರಾಷ್ಟ್ರೀಯ ಲೀಗ್ ಒಡೆದು ಪ್ರಾದೇಶಿಕ ಲೀಗ್‌ಗಳಾದವು. ಯುದ್ಧಕ್ಕೆ ಮೊದಲು ವಾರಕ್ಕೆ 8 ಪೌಂಡ್‌ವರೆಗೆ ಗಳಿಸುತ್ತಿದ್ದ ಆಟಗಾರನಿಗೆ ಈಗ ಪಂದ್ಯಕ್ಕೆ 30 ಶಿಲಿಂಗ್, ಅಂದರೆ ಒಂದೂವರೆ ಪೌಂಡ್.

ನಿಜವಾದ ತಲೆನೋವು ಹನ್ನೊಂದು ಜನರನ್ನು ಕೂಡಿಸುವುದು. ಅದಕ್ಕೆ ಸಿಕ್ಕ ದಾರಿ ‘ಅತಿಥಿ ಆಟಗಾರ’ ಪದ್ಧತಿ. ಸ್ವಂತ ಕ್ಲಬ್ ಒಪ್ಪಿದರೆ, ಆಟಗಾರ ತಾನು ನೌಕರಿಯಲ್ಲಿರುವ ಊರಿನ ತಂಡಕ್ಕೆ ಆಡಬಹುದು. ಸೇನಾ ಊರಾದ ಆಲ್ಡರ್‌ಶಾಟ್‌ನ ಸಣ್ಣ ಕ್ಲಬ್ಬಿಗೆ ಇದರಿಂದ ಟಾಮಿ ಲಾಟನ್, ಜೋ ಮರ್ಸರ್, ಸ್ಟಾನ್ ಕಲ್ಲಿಸ್‌ರಂಥ ಅಂತರರಾಷ್ಟ್ರೀಯ ಆಟಗಾರರು ಸಿಕ್ಕಿಬಿಟ್ಟರು. ಹತ್ತಿರ ಶಿಬಿರವಿಲ್ಲದ ಕ್ಲಬ್‌ಗಳು ಸೊರಗಿದವು.

1940ರ ಶರತ್ಕಾಲದಲ್ಲಿ ಬಾಂಬ್ ದಾಳಿ ಶುರುವಾದ ಮೇಲೆ ಇನ್ನೊಂದು ಕಗ್ಗಂಟು. ಸೈರನ್ ಕೂಗಿದಾಗೆಲ್ಲ ಆಟ ನಿಲ್ಲಿಸಿದರೆ ಪಂದ್ಯ ಮುಗಿಯುವುದೇ ಇಲ್ಲ. ಅದಕ್ಕೆ ಛಾವಣಿಯ ಮೇಲೆ ಕಾವಲುಗಾರರನ್ನು ನಿಲ್ಲಿಸಿ, ವಿಮಾನ ನಿಜವಾಗಿ ಹತ್ತಿರ ಬಂದಾಗ ಮಾತ್ರ ಆಟ ನಿಲ್ಲಿಸುವ ಕ್ರಮ ಬಂತು. ಆದರೂ ಎಲ್ಲ ತಂಡಗಳೂ ಸಮನಾದ ಸಂಖ್ಯೆಯ ಪಂದ್ಯ ಆಡಲು ಆಗಲಿಲ್ಲ. ಅಂಕ ಕೂಡಿಸಿದರೆ ಹೆಚ್ಚು ಆಡಿದವರೇ ಮೇಲೆ ಬರುತ್ತಾರೆ. ಹಾಗಾಗಿ 1940–41ರಲ್ಲಿ ಅಂಕ ಬಿಟ್ಟು ಗೋಲ್ ಸರಾಸರಿಯಿಂದ ಸ್ಥಾನ ನಿರ್ಧರಿಸಿದರು: ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು.

ಈ ಸೂತ್ರದ ದೋಷ ಆ ಕ್ರಿಸ್‌ಮಸ್ ದಿನ ನಾರಿಚ್‌ನಲ್ಲಿ ಬಯಲಾಯಿತು. ಬ್ರೈಟನ್ ತಂಡ ಐದೇ ಆಟಗಾರರೊಂದಿಗೆ ಬಂದಿಳಿಯಿತು. ಉಳಿದ ಜಾಗಗಳನ್ನು ನಾರಿಚ್‌ನ ಮೀಸಲು ಆಟಗಾರರು ಮತ್ತು ನೋಡಲು ಬಂದಿದ್ದ ಸೈನಿಕರಿಂದ ತುಂಬಿದರು. ಫಲಿತಾಂಶ 18–0. ಉದಾಹರಣೆಗೆ, 40 ಗೋಲು ಹೊಡೆದು 20 ಬಿಟ್ಟುಕೊಟ್ಟ ತಂಡದ ಸರಾಸರಿ 2. ಇಂಥ ಒಂದೇ ಪಂದ್ಯ ಸೇರಿದರೆ ಅದು 2.9ಕ್ಕೆ ಜಿಗಿಯುತ್ತದೆ. ಸಮಬಲವಿಲ್ಲದ ಒಂದು ಮಧ್ಯಾಹ್ನ ಇಡೀ ಋತುವಿನ ಲೆಕ್ಕ ಕೆಡಿಸಬಲ್ಲದು. ಪಂದ್ಯ ರದ್ದು ಮಾಡುವುದೇ ಸರಿಯಿತ್ತು ಎನ್ನಬಹುದು. ಆದರೆ ಹಬ್ಬದ ದಿನ ಟಿಕೆಟ್ ಕೊಂಡು ಬಂದ ಜನರನ್ನು ಮನೆಗೆ ಕಳಿಸದೆ ಆಟ ಆಡಿಸಿದವರನ್ನು ದೂರಲು ನನಗೆ ಮನಸ್ಸು ಬಾರದು.

ಪ್ರಸಾರಕ್ಕೂ ಕಟ್ಟಳೆ ಇತ್ತು. ಹವಾಮಾನದ ಸುದ್ದಿ ಶತ್ರು ವಿಮಾನಗಳಿಗೆ ನೆರವಾಗುತ್ತದೆಂದು ಅದನ್ನು ಬಾನುಲಿಯಲ್ಲಿ ಹೇಳುವಂತಿರಲಿಲ್ಲ. 1940ರ ಜನವರಿ 1ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದ ಈಸ್ಟರ್ ರೋಡ್ ಮೈದಾನವನ್ನು ಮಂಜು ಪೂರ್ತಿ ನುಂಗಿತ್ತು. ಬಿಬಿಸಿಯ ವೀಕ್ಷಕ ವಿವರಣೆಕಾರ ಬಾಬ್ ಕಿಂಗ್ಸ್‌ಲಿಗೆ ಚೆಂಡೂ ಕಾಣದು, ಮಂಜು ಎಂಬ ಮಾತೂ ಆಡುವಂತಿಲ್ಲ. ಆಗಾಗ ಓಡಿಬರುವವರು ತಂದ ಸುದ್ದಿಗೆ ತನ್ನ ಕಲ್ಪನೆ ಬೆರೆಸಿ, ದೂರದ ಸೈನಿಕರಿಗಾಗಿ ಆತ ಇಡೀ ಪಂದ್ಯವನ್ನು ಬಣ್ಣಿಸಿದ. ಆ ಪಂದ್ಯವನ್ನು ಹಾರ್ಟ್ಸ್ ತಂಡ ಹಿಬರ್ನಿಯನ್ ವಿರುದ್ಧ 6–5ರಿಂದ ಗೆದ್ದಿತು.

1946ರ ಆಗಸ್ಟ್ 31ರಂದು ರಾಷ್ಟ್ರೀಯ ಲೀಗ್ ಮರಳಿ ಶುರುವಾದಾಗ ಹೊಸ ವೇಳಾಪಟ್ಟಿ ಬರೆಯಲಿಲ್ಲ. 1939ರಲ್ಲಿ ನಿಂತುಹೋಗಿದ್ದ ಅದೇ ವೇಳಾಪಟ್ಟಿಯನ್ನು ಹೊರತೆಗೆದು ಮೊದಲ ಪಂದ್ಯದಿಂದ ಆಡಿಸಿದರು.